ಹೊಸ ಟೋಯಿಂಗ್ ಲಾರಿಯ ಗೇರ್‌ಬಾಕ್ಸ್ ಕೆಟ್ಟರೆ ಹೊಣೆ ಯಾರದು?

ಮಾನ್ಯ ಸಂಪಾದಕರೇ,

ಶಿರಾಡಿ ಘಾಟಿಯಲ್ಲಿ ಕೆಟ್ಟು ನಿಂತ, ಚರಂಡಿಗೆ ಇಳಿದ, ತಿರುವಿನಲ್ಲಿ ಮಗುಚಿದ ವಾಹನಗಳನ್ನು ಎತ್ತಿ ಎಳೆದು ತರುವುದು ನನ್ನ ಜೀವನೋಪಾಯ. ಹದಿನಾರು ವರ್ಷಗಳಿಂದ ಇದೇ ಕೆಲಸ ಮಾಡುತ್ತಿದ್ದೇನೆ. ಮೊದಲು ಬೇರೆಯವರ ಲಾರಿಗೆ ಚಾಲಕನಾಗಿ, ಆಮೇಲೆ ಸೆಕೆಂಡ್ ಹ್ಯಾಂಡ್ ಲಾರಿಯೊಂದರ ಮಾಲೀಕನಾಗಿ, ಈಗ ಸಾಲ ಮಾಡಿ ಕೊಂಡ ಹೊಸ ಲಾರಿಗೆ ಮಾಲೀಕನೂ ಚಾಲಕನೂ ಆಗಿ. ಈ ಹೊಸ ಲಾರಿ ಹತ್ತು ಸಾವಿರ ಕಿಲೋಮೀಟರ್ ಓಡುವ ಮುನ್ನವೇ ಅದರ ಗೇರ್‌ಬಾಕ್ಸ್ ಕೆಟ್ಟಿತು. ಕಬ್ಬಿಣದ ಸಾಮಾನು, ಕೆಡುತ್ತದೆ. ಅದಕ್ಕೆ ನಾನು ಯಾರನ್ನೂ ದೂರುವುದಿಲ್ಲ. ಆದರೆ ಕೆಟ್ಟ ಮೇಲೆ ಅದರ ಹೊಣೆಯನ್ನು ಚಾಸಿ ಮಾರಿದವರು ಬಾಡಿ ಕಟ್ಟಿದವರ ಮೇಲೆ, ಬಾಡಿ ಕಟ್ಟಿದವರು ಚಾಸಿ ಮಾರಿದವರ ಮೇಲೆ, ಕೊನೆಗೆ ಇಬ್ಬರೂ ಸೇರಿ ಚಾಲಕನ ಮೇಲೆ ಹಾಕಿದ ರೀತಿಯನ್ನು ತಮ್ಮ ಪತ್ರಿಕೆಯ ಮೂಲಕ ಸಾರ್ವಜನಿಕರ ಹಾಗೂ ಸಂಬಂಧಪಟ್ಟ ಇಲಾಖೆಗಳ ಗಮನಕ್ಕೆ ತರಲು ಬಯಸುತ್ತೇನೆ. ಘಾಟಿಯ ಮೇಲೂ ಕೆಳಗೂ ಇದೇ ವೃತ್ತಿಯಲ್ಲಿರುವ ಒಂದಿಬ್ಬರು ನನ್ನ ಕಥೆ ಕೇಳಿ ತಮ್ಮದೂ ಅದೇ ಎಂದಿದ್ದರಿಂದ ಬರೆಯುವ ಧೈರ್ಯ ಬಂದಿತು.

ನಮ್ಮಂಥ ಲಾರಿ ಹೇಗೆ ತಯಾರಾಗುತ್ತದೆ ಎಂಬುದನ್ನು ಮೊದಲು ಹೇಳಬೇಕು, ಏಕೆಂದರೆ ತಕರಾರಿನ ಬೇರು ಇರುವುದು ಅಲ್ಲೇ. ಶೋರೂಮ್‌ನಲ್ಲಿ ನಮಗೆ ಸಿಗುವುದು ಎಂಜಿನ್, ಗೇರ್‌ಬಾಕ್ಸ್ ಮತ್ತು ಕ್ಯಾಬಿನ್ ಇರುವ ಬರೀ ಚಾಸಿ. ಅದನ್ನು ಬೇರೆ ಊರಿನ ಬಾಡಿ ಕಟ್ಟುವ ಷೆಡ್ಡಿಗೆ ಒಯ್ದು, ಹಿಂದಕ್ಕೆ ಜಾರಿ ಓರೆಯಾಗಿ ನೆಲಕ್ಕೆ ತಾಗುವ ಹಾಸು, ಉಕ್ಕಿನ ರೋಪ್ ಸುತ್ತುವ ವಿಂಚ್, ಇನ್ನೊಂದು ವಾಹನದ ಮುಂದಿನ ಚಕ್ರಗಳನ್ನು ಎತ್ತಿ ಹಿಡಿಯುವ ಅಂಡರ್‌ಲಿಫ್ಟ್ ಇವನ್ನೆಲ್ಲ ಕೂರಿಸಬೇಕು. ಇವೆಲ್ಲಕ್ಕೂ ಬಲ ಬರುವುದು ಹೈಡ್ರಾಲಿಕ್ ಪಂಪಿನಿಂದ. ಆ ಪಂಪನ್ನು ತಿರುಗಿಸುವುದು ಪಿಟಿಒ ಎಂದು ನಾವು ಕರೆಯುವ ಒಂದು ಸಣ್ಣ ಗೇರಿನ ಪೆಟ್ಟಿಗೆ. ಲಾರಿಯ ಗೇರ್‌ಬಾಕ್ಸಿನ ಪಕ್ಕದ ಮುಚ್ಚಳ ಬಿಚ್ಚಿ, ಒಳಗೆ ಎಂಜಿನ್ ಬಲದಿಂದ ತಿರುಗುವ ಲೇ ಶಾಫ್ಟ್ ಎಂಬ ದಂಡದ ಹಲ್ಲಿಗೆ ಇದರ ಹಲ್ಲು ಕೂಡುವಂತೆ ಅದನ್ನು ಬೋಲ್ಟ್ ಹಾಕಿ ಬಿಗಿಯುತ್ತಾರೆ. ಕೆಲವು ಮಾದರಿಗಳಿಗೆ ಕಂಪನಿಯವರೇ ಪಿಟಿಒ ಕೂರಿಸಿ ಕೊಡುತ್ತಾರೆ. ನಾನು ಕೊಂಡ ಮಾದರಿಗೆ ಹೊರಗಡೆ ಹಾಕಿಸಿಕೊಳ್ಳಿ ಎಂದು ಶೋರೂಮಿನವರೇ ಬಾಯಿಮಾತಿನಲ್ಲಿ ಹೇಳಿದ್ದರು. ಹೀಗೆ ಕಾರ್ಖಾನೆಯಲ್ಲಿ ಮುಚ್ಚಿ ಕಳಿಸಿದ ಗೇರ್‌ಬಾಕ್ಸನ್ನು ಒಂದು ಕಿಲೋಮೀಟರ್ ಕೆಲಸ ಮಾಡುವ ಮೊದಲೇ ಬೇರೊಬ್ಬರು ತೆರೆದಿರುತ್ತಾರೆ. ಇದು ಚಾಸಿ ಮಾರುವವರಿಗೆ ತಿಳಿಯದ ವಿಷಯವೇನಲ್ಲ; ಆ ಮುಚ್ಚಳವನ್ನು ಅಲ್ಲಿ ಇಟ್ಟಿರುವುದೇ ಪಿಟಿಒ ಕೂರಿಸಲೆಂದು.

ಕಳೆದ ವರ್ಷ ಆಯುಧಪೂಜೆಗೆ ಚಾಸಿ ಕೊಂಡೆ. ಬಾಡಿ ಕಟ್ಟಿ, ನೋಂದಣಿ ಮುಗಿದು ಲಾರಿ ಕೆಲಸಕ್ಕೆ ಇಳಿದದ್ದು ಡಿಸೆಂಬರ್‌ನಲ್ಲಿ. ಮಾರ್ಚ್ ತಿಂಗಳಲ್ಲಿ ಮೊದಲ ಸೂಚನೆ ಕಂಡಿತು. ಬೆಳಿಗ್ಗೆ ಗಾಡಿ ತೆಗೆದಾಗ ಎರಡನೇ ಗೇರ್ ಬಿಗಿಯಾಗಿ ಬೀಳುತ್ತಿತ್ತು, ಬೀಳುವಾಗ ಲಿವರ್ ಅಂಗೈಗೆ ಕಟಕ್ ಎಂದು ಒದೆಯುತ್ತಿತ್ತು. ಹೊಸ ಗೇರ್‌ಬಾಕ್ಸ್, ಓಡಿದ ಹಾಗೆ ಸಡಿಲಾಗುತ್ತದೆ ಎಂದು ಶೋರೂಮಿನ ಮೆಕ್ಯಾನಿಕ್ ಹೇಳಿದರು, ನಾನೂ ನಂಬಿದೆ. ಏಪ್ರಿಲ್ ಕೊನೆಗೆ ಮೂರನೇ ಗೇರಿನಲ್ಲಿ ಸಣ್ಣದೊಂದು ಕೂಗು ಸೇರಿಕೊಂಡಿತು; ಆಕ್ಸಿಲರೇಟರ್ ಒತ್ತಿದರೆ ಕೂಗು ಜೋರು, ಬಿಟ್ಟರೆ ಇಲ್ಲ. ದಿನವೂ ಗಾಡಿ ಓಡಿಸುವವನಿಗೆ ಇಂಥ ದನಿ ಕೇಳಿಸಿದ ಮೇಲೆ ರಾತ್ರಿ ನಿದ್ದೆ ಬರುವುದಿಲ್ಲ.

ಜೂನ್ ತಿಂಗಳ ಒಂದು ರಾತ್ರಿ ನಡೆದದ್ದನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ. ಕುಕ್ಕೆಗೆ ಹೋಗಿ ಮರಳುತ್ತಿದ್ದ ಒಂದು ಮಿನಿ ಬಸ್ಸು ಗುಂಡ್ಯದ ಬಳಿ ಎಂಜಿನ್ ಜಾಮ್ ಆಗಿ ನಿಂತಿತ್ತು. ಪ್ರಯಾಣಿಕರನ್ನು ಬೇರೆ ಬಸ್ಸಿಗೆ ಹತ್ತಿಸಿ, ಖಾಲಿ ವಾಹನವನ್ನು ಹಾಸಿನ ಮೇಲೆ ಏರಿಸಿಕೊಂಡು ಸಕಲೇಶಪುರದ ಕಡೆಗೆ ಹೊರಟೆವು. ಅದರ ತೂಕ ನಾಲ್ಕು ಟನ್ ಕೂಡ ಇರಲಿಲ್ಲ. ನನ್ನ ಲಾರಿ ಹೊರಬಹುದಾದ ತೂಕಕ್ಕಿಂತ ಅದು ಬಹಳ ಕಡಿಮೆ. ಮಳೆ ಧಾರಾಕಾರವಾಗಿತ್ತು. ಮಾರನಹಳ್ಳಿಗೆ ಇನ್ನೂ ದೂರವಿರುವಾಗ, ಏರಿನ ತಿರುವೊಂದರಲ್ಲಿ, ಮೂರನೇ ಗೇರಿನಲ್ಲಿದ್ದ ಲಿವರ್ ಯಾರೋ ಒದ್ದಂತೆ ತಾನಾಗಿ ನ್ಯೂಟ್ರಲ್‌ಗೆ ಹಾರಿತು. ಎಂಜಿನ್ ಒಮ್ಮೆಲೇ ಕಿರುಚಿಕೊಂಡಿತು, ಗಾಡಿಯ ಎಳೆತ ನಿಂತುಹೋಯಿತು, ಬ್ರೇಕ್ ಒತ್ತುವಷ್ಟರಲ್ಲಿ ಲಾರಿ ಒಂದು ಮೊಳದಷ್ಟು ಹಿಂದಕ್ಕೆ ಜಾರಿತ್ತು. ಕನ್ನಡಿಯಲ್ಲಿ ನೋಡಿದರೆ ನಮ್ಮ ಹಿಂದೆಯೇ ಮಂಗಳೂರು ಕಡೆಯಿಂದ ಬರುತ್ತಿದ್ದ ಗ್ಯಾಸ್ ಟ್ಯಾಂಕರ್. ನನ್ನ ಹೆಲ್ಪರ್ ಹುಡುಗ ಇಳಿದು ಓಡಿ ಹಿಂದಿನ ಚಕ್ರಕ್ಕೆ ಮರದ ದಿಮ್ಮಿ ಕೊಟ್ಟ. ಎರಡನೇ ಗೇರ್ ಹಾಕಿ, ಅದೂ ಹಾರದಂತೆ ಒಂದು ಕೈಯಲ್ಲಿ ಲಿವರ್ ಒತ್ತಿ ಹಿಡಿದು, ಇನ್ನೊಂದು ಕೈಯಲ್ಲಿ ಸ್ಟೀರಿಂಗ್ ತಿರುಗಿಸುತ್ತ ಉಳಿದ ಘಾಟಿಯನ್ನು ಹತ್ತಿದೆ. ಮೇಲೆ ಬಂದು ಎಂಜಿನ್ ನಿಲ್ಲಿಸಿದಾಗ ಬಲಗೈ ನಡುಗುತ್ತಿತ್ತು ಎಂದು ಹೇಳಲು ನನಗೆ ಸಂಕೋಚವಿಲ್ಲ.

ಮರುದಿನ ಗಾಡಿಯನ್ನು ಸರ್ವಿಸ್ ಸೆಂಟರಿಗೆ ಕೊಂಡೊಯ್ದೆ. ಅದು ಇದೇ ದೂರಿಗೆ ಮೂರನೇ ಸಲ. ಹಿಂದಿನ ಎರಡು ಸಲದ ಜಾಬ್ ಕಾರ್ಡ್‌ಗಳನ್ನು ಅಂದು ಮೊದಲ ಬಾರಿಗೆ ಕೂತು ಓದಿಸಿದೆ. ಇಂಗ್ಲಿಷಿನಲ್ಲಿದ್ದ ಆ ಕಾಗದಗಳಲ್ಲಿ ಒಂದರಲ್ಲಿ ‘ಸಾಮಾನ್ಯ ತಪಾಸಣೆ’ ಎಂದಿತ್ತು, ಇನ್ನೊಂದರಲ್ಲಿ ‘ಗೇರ್ ಕೇಬಲ್ ಅಡ್ಜಸ್ಟ್ ಮಾಡಲಾಗಿದೆ, ಟ್ರಯಲ್‌ನಲ್ಲಿ ತೊಂದರೆ ಕಂಡುಬಂದಿಲ್ಲ’ ಎಂದಿತ್ತು. ಎರಡನೇ ಗೇರ್ ಒದೆಯುತ್ತದೆ, ಮೂರನೇ ಗೇರ್ ಕೂಗುತ್ತದೆ ಎಂದು ನಾನು ಕೌಂಟರಿನಲ್ಲಿ ನಿಂತು ಹೇಳಿದ ಒಂದು ಮಾತೂ ಅವುಗಳಲ್ಲಿ ಇರಲಿಲ್ಲ. ಟ್ರಯಲ್ ಮಾಡಿದ್ದಾದರೂ ಹೇಗೆ? ಖಾಲಿ ಗಾಡಿಯನ್ನು ಸಮತಟ್ಟಾದ ಹೆದ್ದಾರಿಯಲ್ಲಿ ಎರಡು ಮೂರು ಕಿಲೋಮೀಟರ್ ಓಡಿಸಿ ತಂದಿದ್ದರು. ಏರಿನಲ್ಲಿ, ಭಾರದಲ್ಲಿ, ಗೇರ್‌ಬಾಕ್ಸ್ ಬಿಸಿಯಾದ ಮೇಲೆ ಬರುವ ತೊಂದರೆ ಖಾಲಿ ಗಾಡಿಯ ಟ್ರಯಲ್‌ನಲ್ಲಿ ಕಾಣುವುದು ಸಾಧ್ಯವಿಲ್ಲ. ಜ್ವರ ರಾತ್ರಿ ಬರುತ್ತದೆ ಎಂದು ಹೇಳುವ ರೋಗಿಯನ್ನು ಹಗಲು ಮುಟ್ಟಿ ನೋಡಿ ಮನೆಗೆ ಕಳಿಸಿದ ಹಾಗಾಯಿತು.

ಈ ಸಲ ನಾನು ಅಲ್ಲಿಂದ ಕದಲಲಿಲ್ಲ. ಗೇರ್‌ಬಾಕ್ಸ್ ಆಯಿಲ್ ಇಳಿಸುವಾಗ ಎದುರಿಗೇ ನಿಂತಿದ್ದೆ. ಅಲ್ಲಿನ ಹಿರಿಯ ಮೆಕ್ಯಾನಿಕ್ ಒಬ್ಬರು ಡ್ರೈನ್ ಬೋಲ್ಟ್ ಬಿಚ್ಚಿ ಅದರ ತುದಿಯ ಮ್ಯಾಗ್ನೆಟ್ ಅನ್ನು ನನ್ನ ಮುಂದೆ ಹಿಡಿದರು. ಉಕ್ಕಿನ ಪುಡಿ ಅದಕ್ಕೆ ಕಪ್ಪು ಮೀಸೆಯಂತೆ ಅಂಟಿಕೊಂಡಿತ್ತು. ಟ್ರೇಗೆ ಇಳಿದ ಆಯಿಲ್ ಮೇಲೆ ಅವರು ಟಾರ್ಚ್ ಬಿಟ್ಟಾಗ ಅದರೊಳಗೆ ಹೊಂಬಣ್ಣದ ಸಣ್ಣ ಸಣ್ಣ ಮಿನುಗು ತೇಲುತ್ತಿತ್ತು. ಅದು ಹಿತ್ತಾಳೆಯ ಪುಡಿ. ಹಿತ್ತಾಳೆ ಮ್ಯಾಗ್ನೆಟ್‌ಗೆ ಅಂಟುವುದಿಲ್ಲವಾದ್ದರಿಂದ ಆಯಿಲ್‌ನಲ್ಲೇ ಉಳಿಯುತ್ತದೆ. ಗೇರ್ ಬದಲಿಸುವಾಗ ಎರಡು ಬೇರೆ ಬೇರೆ ವೇಗದಲ್ಲಿ ತಿರುಗುವ ಭಾಗಗಳನ್ನು ಒಂದೇ ವೇಗಕ್ಕೆ ತಂದು ಕೂಡಿಸುವ ಸಿಂಕ್ರೋ ರಿಂಗುಗಳು ಈ ಗೇರ್‌ಬಾಕ್ಸಿನಲ್ಲಿ ಹಿತ್ತಾಳೆಯವು. ಅವು ಸವೆದರೆ ಗೇರ್ ಒದೆಯುತ್ತದೆ. ಒದೆದು ಒದೆದು ಗೇರಿನ ಕಚ್ಚುವ ಹಲ್ಲುಗಳ ಅಂಚು ದುಂಡಗಾದರೆ, ಭಾರ ಬಿದ್ದಾಗ ಹಿಡಿತ ತಪ್ಪಿ ಗೇರ್ ಹೊರಗೆ ಹಾರುತ್ತದೆ. ಇಳಿಸಿದ ಆಯಿಲನ್ನು ಅಳೆಯಿರಿ ಎಂದು ಕೇಳಿಕೊಂಡೆ. ಅಳೆದರು. ಕಂಪನಿಯ ಪುಸ್ತಕದಲ್ಲಿರುವ ಅಳತೆಗೆ ಪಿಟಿಒ ಹಿಡಿಯುವ ಆಯಿಲನ್ನೂ ಸೇರಿಸಿ ಲೆಕ್ಕ ಹಾಕಿದರೆ ಸುಮಾರು ಒಂದೂವರೆ ಲೀಟರ್ ಕಡಿಮೆ ಇತ್ತು. ಎಲ್ಲಿಯೂ ಸೋರಿದ ಗುರುತಿರಲಿಲ್ಲ.

ಕಾರಣ ಅಲ್ಲೇ ಸ್ಪಷ್ಟವಾಯಿತು. ಪಿಟಿಒ ಗೇರ್‌ಬಾಕ್ಸಿನದೇ ಆಯಿಲ್ ಹಂಚಿಕೊಳ್ಳುತ್ತದೆ. ಅದನ್ನು ಕೂರಿಸಿದ ಮೇಲೆ ಆಯಿಲ್ ಮತ್ತೆ ತುಂಬಿ, ಸ್ವಲ್ಪ ಹೊತ್ತು ಪಂಪು ಓಡಿಸಿ, ಗಾಡಿಯನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ ಲೆವೆಲ್ ಬೋಲ್ಟ್ ಬಿಚ್ಚಿ ನೋಡಬೇಕು. ಆಯಿಲ್ ಆ ತೂತಿನ ಅಂಚಿಗೆ ಬರುವವರೆಗೆ ಸೇರಿಸಬೇಕು. ಈ ಕೆಲಸವನ್ನು ಯಾರೂ ಮಾಡಿರಲಿಲ್ಲ. ಆಯಿಲ್ ಕಡಿಮೆಯಿದ್ದ ಗೇರ್‌ಬಾಕ್ಸ್ ಬಯಲುಸೀಮೆಯ ರಸ್ತೆಯಲ್ಲಿ ಬಹುಕಾಲ ತಡೆದುಕೊಂಡೀತು. ಆದರೆ ಘಾಟಿಯಲ್ಲಿ ಲಾರಿ ಮೂತಿ ಎತ್ತಿ ಗಂಟೆಗಟ್ಟಲೆ ಏರುವಾಗ ಇರುವ ಆಯಿಲೂ ಹಿಂದಕ್ಕೆ ಸರಿದು, ಮುಂಭಾಗದ ಬೇರಿಂಗು ಮತ್ತು ಗೇರುಗಳು ಒಣಗುತ್ತವೆ. ನನ್ನ ಗಾಡಿಗೆ ಆದದ್ದು ಇದೇ.

ಬಾಡಿ ಕಟ್ಟಿದವರಿಗೆ ಫೋನ್ ಮಾಡಿದರೆ, ‘ಅಣ್ಣಾ, ನಾವು ಬಿಚ್ಚಿದಷ್ಟೇ ಆಯಿಲ್ ವಾಪಸ್ ಹಾಕಿದ್ದೀವಿ, ಲೆವೆಲ್ ನೋಡೋದು ಶೋರೂಮಿನವರ ಕೆಲಸ’ ಎಂದರು. ಶೋರೂಮಿನ ಮ್ಯಾನೇಜರು, ‘ಹೊರಗಡೆಯವರು ಗೇರ್‌ಬಾಕ್ಸಿಗೆ ಕೈಹಾಕಿದ ಮೇಲೆ ವಾರಂಟಿ ಇರೋದಿಲ್ಲ ಸ್ವಾಮಿ’ ಎಂದರು. ಆಮೇಲೆ ಲ್ಯಾಪ್‌ಟಾಪ್ ತೆರೆದು, ಗಾಡಿಯ ಕಂಪ್ಯೂಟರಿನಲ್ಲಿ ದಾಖಲಾದ ಪ್ರಕಾರ ಚಾಲಕ ಕ್ಲಚ್ ಮೇಲೆ ಕಾಲಿಟ್ಟುಕೊಂಡೇ ಓಡಿಸಿದ್ದಾನೆ, ಅತಿಭಾರ ಹೊತ್ತಿದ್ದಾನೆ ಎಂದರು. ಆ ದಾಖಲೆಯ ಪ್ರತಿ ಕೇಳಿದರೆ ಅದು ಕಂಪನಿಯ ಸ್ವತ್ತು, ಕೊಡಲಾಗದು ಎಂಬ ಉತ್ತರ. ಗೇರ್‌ಬಾಕ್ಸ್ ಇಳಿಸಿದಾಗ ಕ್ಲಚ್ ಪ್ಲೇಟ್ ಹೇಗೂ ಹೊರಗೆ ಬಂದಿತ್ತು. ಅದನ್ನು ಎಲ್ಲರ ಎದುರಿಗೆ ತಿರುಗಿಸಿ ನೋಡಿದೆವು. ರಿವಿಟ್ಟಿನ ತಲೆಗಳು ಇನ್ನೂ ಆಳದಲ್ಲೇ ಇದ್ದವು, ಅಂದರೆ ಪ್ಲೇಟ್ ಸವೆದಿರಲಿಲ್ಲ; ಸುಟ್ಟ ಕಲೆ ಇರಲಿಲ್ಲ. ಕಾಲಿಟ್ಟುಕೊಂಡು ಓಡಿಸಿದ ಗಾಡಿಯ ಪ್ಲೇಟ್ ಹಾಗಿರುವುದಿಲ್ಲ ಎಂದು ಅವರದೇ ಹಿರಿಯ ಮೆಕ್ಯಾನಿಕ್ ಮೆಲ್ಲಗೆ ಹೇಳಿದರು. ಆ ಪ್ರಾಮಾಣಿಕತೆಗೆ ನಾನು ಅವರಿಗೆ ಋಣಿ.

ನನ್ನ ಪಾಲಿಗೆ ಮುಖ್ಯ ಪುರಾವೆಯಾದದ್ದು ಒಂದು ಸಣ್ಣ ಟಿಕ್ ಗುರುತು. ಮೊದಲ ಉಚಿತ ಸರ್ವಿಸಿನ ಚೀಟಿಯಲ್ಲಿ ‘ಗೇರ್‌ಬಾಕ್ಸ್ ಆಯಿಲ್ ಲೆವೆಲ್’ ಎಂಬ ಸಾಲಿನ ಮುಂದೆ ನೋಡಿದ್ದೇವೆಂದು ನೀಲಿ ಪೆನ್ನಿನಲ್ಲಿ ಟಿಕ್ ಹಾಕಿದ್ದರು. ಪಿಟಿಒ ಆಗಲೇ ಕೂತಿತ್ತು, ಅವರ ಕಣ್ಣೆದುರೇ ಇತ್ತು. ನಿಜವಾಗಿ ಲೆವೆಲ್ ಬೋಲ್ಟ್ ಬಿಚ್ಚಿ ಬೆರಳಿಟ್ಟು ನೋಡಿದ್ದರೆ ಒಂದೂವರೆ ಲೀಟರ್ ಕೊರತೆ ಅಂದೇ ತಿಳಿಯುತ್ತಿತ್ತು, ಕೆಲವು ನೂರು ರೂಪಾಯಿಯ ಆಯಿಲ್‌ನಲ್ಲಿ ಮುಗಿದುಹೋಗುತ್ತಿತ್ತು. ಬಾಡಿ ಕಟ್ಟಿದವರು ಮೊದಲ ತಪ್ಪು ಮಾಡಿದರು, ಸರ್ವಿಸಿನವರು ಅದನ್ನು ಹಿಡಿಯದೆ ಹಿಡಿದಂತೆ ಬರೆದರು. ನನ್ನದೂ ತಪ್ಪಿದೆ: ಇಷ್ಟು ವರ್ಷ ಲಾರಿಯ ಜೊತೆ ಬದುಕಿದವನು ಪಿಟಿಒ ಕೂರಿಸಿದ ದಿನವೇ ಆಯಿಲ್ ಅಳತೆ ಕೇಳಬೇಕಿತ್ತು, ಹೊಸ ಗಾಡಿ, ಅವರಿಗೆಲ್ಲ ಗೊತ್ತಿರುತ್ತದೆ ಎಂದು ಸುಮ್ಮನಿದ್ದೆ.

ಇನ್ನೊಂದು ವಿಷಯವನ್ನು ಯಾವ ಶೋರೂಮಿನವರೂ ನಮಗೆ ಹೇಳುವುದಿಲ್ಲ. ನಮ್ಮ ಲಾರಿಗಳ ಗೇರ್‌ಬಾಕ್ಸ್ ದುಡಿಯುವುದು ಓಡುವಾಗ ಮಾತ್ರವಲ್ಲ. ಕಂದಕಕ್ಕೆ ಇಳಿದ ವಾಹನವನ್ನು ವಿಂಚಿನಿಂದ ಎಳೆಯಲು ಕೆಲವೊಮ್ಮೆ ಮೂರು ನಾಲ್ಕು ಗಂಟೆ ಹಿಡಿಯುತ್ತದೆ. ಅಷ್ಟು ಹೊತ್ತೂ ಗಾಡಿ ನಿಂತಲ್ಲೇ ನಿಂತಿರುತ್ತದೆ, ಎಂಜಿನ್ ಓಡುತ್ತಿರುತ್ತದೆ, ಲೇ ಶಾಫ್ಟ್ ತಿರುಗುತ್ತ ಪಂಪಿಗೆ ಬಲ ಕೊಡುತ್ತಿರುತ್ತದೆ. ಕಿಲೋಮೀಟರ್ ಮೀಟರಿನಲ್ಲಿ ಮಾತ್ರ ಒಂದಂಕಿಯೂ ಕದಲುವುದಿಲ್ಲ. ಸರ್ವಿಸ್ ಪುಸ್ತಕದಲ್ಲಿ ಇಷ್ಟು ಕಿಲೋಮೀಟರಿಗೆ ಆಯಿಲ್ ಬದಲಿಸಿ ಎಂದು ಬರೆದಿರುವುದು ಸರಕು ಹೊತ್ತು ಊರಿಂದೂರಿಗೆ ಓಡುವ ಲಾರಿಯ ಲೆಕ್ಕ. ನನ್ನ ಲಾರಿ ಓಡಿದ್ದು ಒಂಬತ್ತು ಸಾವಿರ ಚಿಲ್ಲರೆ ಕಿಲೋಮೀಟರ್ ಆದರೂ ದುಡಿದ ಗಂಟೆ ಲೆಕ್ಕ ಹಾಕಿದರೆ ಅದು ಎಷ್ಟೋ ಹೆಚ್ಚಾಗುತ್ತದೆ. ಜೆಸಿಬಿ, ಜನರೇಟರುಗಳಿಗೆ ಇರುವಂತೆ ಪಿಟಿಒ ಇರುವ ಪ್ರತಿ ಲಾರಿಗೂ ಗಂಟೆ ತೋರಿಸುವ ಮೀಟರು ಇರಬೇಕು, ಆಯಿಲ್ ಬದಲಿಸುವ ಅವಧಿಯನ್ನು ಗಂಟೆಯಲ್ಲೂ ಹೇಳಬೇಕು. ಆ ಮೀಟರಿಗೆ ತಗಲುವ ಖರ್ಚು ಒಂದು ಟೈರಿನ ಬೆಲೆಗಿಂತ ಬಹಳ ಕಡಿಮೆ.

ಗೇರ್‌ಬಾಕ್ಸಿನ ಆಯಿಲ್ ಎಂದರೆ ಏನೆಂಬುದು ನಮ್ಮ ವೃತ್ತಿಯವರಿಗೆ ಬೇರೆ ಯಾರಿಗಿಂತಲೂ ಚೆನ್ನಾಗಿ ಗೊತ್ತು. ಕೆಟ್ಟ ಲಾರಿಯನ್ನು ಮುಂದಿನಿಂದ ಎತ್ತಿ, ಹಿಂದಿನ ಚಕ್ರ ನೆಲದ ಮೇಲೆ ಉರುಳಿಸುತ್ತ ಎಳೆಯುವಾಗ, ಮೊದಲು ಗೇರ್‌ಬಾಕ್ಸಿನಿಂದ ಹಿಂದಿನ ಚಕ್ರಗಳಿಗೆ ಬಲ ಒಯ್ಯುವ ಅದರ ಪ್ರೊಪೆಲ್ಲರ್ ಶಾಫ್ಟ್ ಬಿಚ್ಚುತ್ತೇವೆ. ಬಿಚ್ಚದಿದ್ದರೆ ಚಕ್ರದ ಜೊತೆ ಗೇರ್‌ಬಾಕ್ಸಿನ ಮೇನ್ ಶಾಫ್ಟ್ ತಿರುಗುತ್ತದೆ, ಆದರೆ ಎಂಜಿನ್ ನಿಂತಿರುವುದರಿಂದ ಲೇ ಶಾಫ್ಟ್ ತಿರುಗಿ ಆಯಿಲ್ ಎರಚುವುದಿಲ್ಲ. ಹತ್ತಿಪ್ಪತ್ತು ಕಿಲೋಮೀಟರಿನಲ್ಲಿ ಒಳಗೆಲ್ಲ ಸುಟ್ಟು ಹಿಡಿದುಕೊಳ್ಳಬಹುದು. ಯಾರದೋ ಗೇರ್‌ಬಾಕ್ಸ್ ಉಳಿಸಲೆಂದು ಮಳೆಯಲ್ಲಿ, ಕೆಸರಿನಲ್ಲಿ, ಲಾರಿಯ ಅಡಿ ಮಲಗಿ ಬೋಲ್ಟ್ ಬಿಚ್ಚುವ ನಮಗೆ, ನಮ್ಮದೇ ಹೊಸ ಗೇರ್‌ಬಾಕ್ಸ್ ಆಯಿಲ್ ಇಲ್ಲದೆ ಸವೆದದ್ದನ್ನು ನೋಡುವಾಗ ಆಗುವ ಸಂಕಟ ಹೇಳತೀರದು.

ವಾಣಿಜ್ಯ ವಾಹನ ಕೊಂಡವರು ಗ್ರಾಹಕರೇ ಅಲ್ಲ, ಗ್ರಾಹಕರ ನ್ಯಾಯಾಲಯಕ್ಕೆ ಹೋಗಲಾಗದು ಎಂದು ಮ್ಯಾನೇಜರು ನನಗೆ ಹೇಳಿದ್ದರು. ಇದೇ ಮಾತನ್ನು ಕೇಳಿ ಎಷ್ಟೋ ಮಂದಿ ಚಾಲಕ ಮಾಲೀಕರು ಬಾಯಿ ಮುಚ್ಚಿಕೊಂಡು ಮನೆಗೆ ಬಂದಿದ್ದಾರೆ. ಅದು ಪೂರ್ತಿ ನಿಜವಲ್ಲ. 2020ರ ಜುಲೈ 20ರಿಂದ ಜಾರಿಯಲ್ಲಿರುವ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ 2(7)ನೇ ಸೆಕ್ಷನ್ ವಾಣಿಜ್ಯ ಉದ್ದೇಶಕ್ಕೆ ಕೊಂಡವರನ್ನು ಹೊರಗಿಟ್ಟಿದೆ. ಆದರೆ ಸ್ವಂತ ದುಡಿಮೆಯಿಂದ ಹೊಟ್ಟೆ ಹೊರೆಯಲೆಂದೇ ಕೊಂಡದ್ದನ್ನು ವಾಣಿಜ್ಯ ಉದ್ದೇಶವೆಂದು ಎಣಿಸಬಾರದೆಂದು ಅದೇ ಸೆಕ್ಷನ್ನಿನ ವಿವರಣೆ ಹೇಳುತ್ತದೆ. ಹಳೆಯ ಕಾಯ್ದೆಯ ಕಾಲದಲ್ಲೇ, 1995ರಲ್ಲಿ, ಲಕ್ಷ್ಮಿ ಎಂಜಿನಿಯರಿಂಗ್ ವರ್ಕ್ಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಲಾರಿಯ ಉದಾಹರಣೆಯನ್ನೇ ಕೊಟ್ಟಿದೆ: ಲಾರಿ ಕೊಂಡು ತಾನೇ ಓಡಿಸಿ ಬಾಡಿಗೆ ದುಡಿಯುವವನು ಗ್ರಾಹಕನೇ, ಒಬ್ಬಿಬ್ಬರು ಸಹಾಯಕರನ್ನು ಇಟ್ಟುಕೊಂಡ ಮಾತ್ರಕ್ಕೆ ಆ ಹಕ್ಕು ಹೋಗುವುದಿಲ್ಲ, ಪೂರ್ತಿ ಬೇರೆಯವರಿಂದಲೇ ನಡೆಸಲು ಕೊಂಡವನು ಮಾತ್ರ ಹೊರಗೆ. ಒಬ್ಬ ಹೆಲ್ಪರ್ ಇಟ್ಟುಕೊಂಡು ನಾನೇ ಸ್ಟೀರಿಂಗ್ ಹಿಡಿಯುವ ನನಗೆ ಈ ತೀರ್ಪು ಅಳತೆ ತೆಗೆದು ಹೊಲಿಸಿದಂತಿದೆ. ಕೊಟ್ಟ ಬೆಲೆ 50 ಲಕ್ಷ ರೂಪಾಯಿ ಮೀರದಿದ್ದರೆ ಜಿಲ್ಲಾ ಗ್ರಾಹಕರ ಆಯೋಗದಲ್ಲೇ ದೂರು ಕೊಡಬಹುದು. ತಕರಾರು ಹುಟ್ಟಿದ ಎರಡು ವರ್ಷದೊಳಗೆ ಕೊಡಬೇಕು. ವಕೀಲರಿಲ್ಲದೆ ತಾನೇ ವಾದಿಸಬಹುದು. ದೋಷವೇನೆಂದು ಬರಿಗಣ್ಣಿಗೆ ತಿಳಿಯದಿದ್ದರೆ ವಸ್ತುವನ್ನು ಪ್ರಯೋಗಾಲಯದ ಪರೀಕ್ಷೆಗೆ ಕಳಿಸುವ ಅಧಿಕಾರ ಆಯೋಗಕ್ಕಿದೆ. 1915 ಸಂಖ್ಯೆಗೆ ಕರೆ ಮಾಡಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯಲ್ಲಿ ದೂರು ದಾಖಲಿಸಿಕೊಳ್ಳುತ್ತಾರೆ.

ಇವನ್ನೆಲ್ಲ ನನಗೆ ತಿಳಿಸಿಕೊಟ್ಟವರು ನಮ್ಮೂರಿನ ಒಬ್ಬ ನಿವೃತ್ತ ಶಿಕ್ಷಕರು. ಅವರ ಸಹಾಯದಿಂದ, ಟಿಕ್ ಹಾಕಿದ ಚೀಟಿಯ ನಕಲು, ಆಯಿಲ್ ಅಳೆದ ಫೋಟೊ, ಕ್ಲಚ್ ಪ್ಲೇಟಿನ ಫೋಟೊ ಸೇರಿಸಿ, ಶೋರೂಮಿಗೂ ಕಂಪನಿಯ ಪ್ರಾದೇಶಿಕ ಕಚೇರಿಗೂ ಬಾಡಿ ಕಟ್ಟಿದವರಿಗೂ ರಿಜಿಸ್ಟರ್ಡ್ ಅಂಚೆಯಲ್ಲಿ ಪತ್ರ ಕಳಿಸಿದೆ. ಹತ್ತು ದಿನದೊಳಗೆ ಮಾತಿನ ಧಾಟಿ ಬದಲಾಯಿತು. ಸಿಂಕ್ರೋ ರಿಂಗು, ಎರಡು ಜೊತೆ ಗೇರು, ಬೇರಿಂಗುಗಳನ್ನು ಕಂಪನಿಯವರು ಕೊಟ್ಟರು. ಕೂಲಿ ಮತ್ತು ಆಯಿಲ್ ಖರ್ಚನ್ನು ಬಾಡಿ ಕಟ್ಟಿದವರೂ ನಾನೂ ಹಂಚಿಕೊಂಡೆವು. ಗಾಡಿ ಈಗ ಚೆನ್ನಾಗಿ ಓಡುತ್ತಿದೆ. ಆದರೆ ಮಳೆಗಾಲದ ನಡುವೆ ಇಪ್ಪತ್ತಮೂರು ದಿನ ಅದು ಷೆಡ್ಡಿನಲ್ಲಿ ನಿಂತಿತ್ತು. ಆ ದಿನಗಳ ದುಡಿಮೆಯೂ ಇಲ್ಲ, ಆ ತಿಂಗಳ ಕಂತು ತಪ್ಪಲೂ ಇಲ್ಲ.

ಇದು ಬರೀ ಮಾಲೀಕನೊಬ್ಬನ ಕಂತಿನ ಪ್ರಶ್ನೆಯಾಗಿದ್ದರೆ ನಾನು ಇಷ್ಟು ಉದ್ದದ ಪತ್ರ ಬರೆಯುತ್ತಿರಲಿಲ್ಲ. ಚಾರ್ಮಾಡಿಯಲ್ಲಿ ಭಾರಿ ವಾಹನಗಳಿಗೆ ನಿರ್ಬಂಧವಿರುವುದರಿಂದ ಬೆಂಗಳೂರು ಮಂಗಳೂರು ನಡುವಿನ ಲಾರಿ, ಟ್ಯಾಂಕರ್, ಕಂಟೇನರುಗಳ ದೊಡ್ಡ ಭಾಗ ರಾಷ್ಟ್ರೀಯ ಹೆದ್ದಾರಿ 75ರ ಈ ಒಂದೇ ಘಾಟಿಯಲ್ಲಿ ಹಾಯುತ್ತದೆ. ಒಂದು ಲಾರಿ ತಿರುವಿನಲ್ಲಿ ಅಡ್ಡ ನಿಂತರೆ ಆಂಬುಲೆನ್ಸ್ ಕೂಡ ಮುಂದೆ ಹೋಗಲಾರದು. 2024ರ ಜುಲೈನಲ್ಲಿ ದೊಡ್ಡತಪ್ಲು ಬಳಿ ಗುಡ್ಡ ಕುಸಿದು ವಾಹನಗಳು ಮಣ್ಣಿನಲ್ಲಿ ಸಿಲುಕಿದ್ದನ್ನು ನಾಡೇ ನೋಡಿದೆ. ಅಂಥ ಹೊತ್ತಿನಲ್ಲಿ ರಸ್ತೆ ತೆರವು ಮಾಡಬೇಕಾದ ಲಾರಿಯೇ ಗೇರ್ ಹಾರಿ ಹಿಂದಕ್ಕೆ ಜಾರಿದರೆ ಆಗುವ ಅನಾಹುತಕ್ಕೆ ಯಾವ ಜಾಬ್ ಕಾರ್ಡೂ ಉತ್ತರ ಕೊಡುವುದಿಲ್ಲ. ಸುರಕ್ಷತೆಗೆ ಧಕ್ಕೆ ತರುವ ದೋಷವಿದ್ದರೆ ವಾಹನಗಳನ್ನು ಹಿಂದಕ್ಕೆ ಕರೆಸಿಕೊಳ್ಳುವಂತೆ ತಯಾರಕರಿಗೆ ಆದೇಶಿಸುವ ಅಧಿಕಾರವನ್ನು ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಸೇರಿದ 110ಎ ಸೆಕ್ಷನ್ ಸರ್ಕಾರಕ್ಕೆ ಕೊಟ್ಟಿದೆ, ನಿಜ. ಆದರೆ ಅದು ಬಹುಮಟ್ಟಿಗೆ ಒಂದೇ ಮಾದರಿಯ ಬಗ್ಗೆ ಎಷ್ಟು ಮಂದಿ ದೂರು ಕೊಟ್ಟರು ಎಂಬುದರ ಮೇಲೆ ನಿಂತಿದೆ. ಒಂದೊಂದು ತಾಲ್ಲೂಕಿಗೆ ಬೆರಳೆಣಿಕೆಯಷ್ಟಿರುವ, ಒಂದೊಂದೂ ಬೇರೆ ಬೇರೆ ಷೆಡ್ಡಿನಲ್ಲಿ ತಯಾರಾದ ನಮ್ಮ ಲಾರಿಗಳ ದೂರು ಆ ಸಂಖ್ಯೆಯನ್ನು ಮುಟ್ಟುವುದು ಕಷ್ಟ.

ಆದ್ದರಿಂದ ಸಾರಿಗೆ ಇಲಾಖೆಯಲ್ಲಿ ನನ್ನ ಕೋರಿಕೆ ಇಷ್ಟೇ. ಟೋಯಿಂಗ್ ಲಾರಿ, ನೀರಿನ ಟ್ಯಾಂಕರ್, ಟಿಪ್ಪರ್ ಹೀಗೆ ಹೊರಗಡೆ ಪಿಟಿಒ ಕೂರಿಸಿದ ಯಾವುದೇ ಹೊಸ ವಾಹನವನ್ನು ನೋಂದಣಿಗೆ ತಂದಾಗ, ಯಾವ ಪಿಟಿಒ, ಯಾರು ಕೂರಿಸಿದರು, ಯಾವ ದರ್ಜೆಯ ಆಯಿಲ್ ಎಷ್ಟು ಲೀಟರ್ ತುಂಬಿದರು ಎಂದು ಬರೆದು, ಬಾಡಿ ಕಟ್ಟಿದವರೂ ಚಾಸಿ ಮಾರಿದವರೂ ಇಬ್ಬರೂ ಸಹಿ ಹಾಕಿದ ಒಂದು ಹಾಳೆಯನ್ನು ಕಡ್ಡಾಯವಾಗಿ ಕೇಳಲಿ. ಸಹಿ ಹಾಕಬೇಕಾದವನು ಬೋಲ್ಟ್ ಬಿಚ್ಚಿ ನೋಡುತ್ತಾನೆ. ವಾಹನ ಕಂಪನಿಗಳಲ್ಲಿ ಕೇಳುವುದೇನೆಂದರೆ, ಕರ್ನಾಟಕದ ಸರ್ವಿಸ್ ಸೆಂಟರುಗಳಲ್ಲಿ ಜಾಬ್ ಕಾರ್ಡ್ ಕನ್ನಡದಲ್ಲಿರಲಿ, ಅದರಲ್ಲಿ ದೂರು ಚಾಲಕ ಹೇಳಿದ ಮಾತಿನಲ್ಲೇ ಇರಲಿ. ಭಾರದಲ್ಲಿ ಬರುವ ತೊಂದರೆಯನ್ನು ಭಾರ ಹೊರಿಸಿಯೇ ಪರೀಕ್ಷಿಸಲಿ. ಚಾಲಕನ ಮೇಲೆ ತಪ್ಪು ಹೊರಿಸಲು ಗಾಡಿಯ ಕಂಪ್ಯೂಟರಿನ ದಾಖಲೆ ಬಳಸುವುದಾದರೆ ಅದರ ಪ್ರತಿಯನ್ನು ಮಾಲೀಕನ ಕೈಗೆ ಕೊಡಲಿ. ಜಿಲ್ಲೆಗೊಂದು ಸರ್ಕಾರಿ ಪಾಲಿಟೆಕ್ನಿಕ್ಕಿನ ಆಟೊಮೊಬೈಲ್ ವಿಭಾಗಕ್ಕೆ ಇಂಥ ತಕರಾರಿನ ವಾಹನಗಳನ್ನು ನೋಡಿ ವರದಿ ಕೊಡುವ ಅಧಿಕಾರ ಕೊಟ್ಟರೆ, ಗ್ರಾಹಕರ ಆಯೋಗಗಳಿಗೂ ನಮಗೂ ದೂರದ ಪ್ರಯೋಗಾಲಯದ ದಾರಿ ಕಾಯುವುದು ತಪ್ಪುತ್ತದೆ; ಅಲ್ಲಿ ಓದುವ ಹುಡುಗರಿಗೂ ನಿಜವಾದ ಗೇರ್‌ಬಾಕ್ಸ್ ಬಿಚ್ಚಿ ನೋಡುವ ಅವಕಾಶವಾಗುತ್ತದೆ.

ಹೊಸ ಲಾರಿ ಕೊಳ್ಳಲಿರುವ ನನ್ನ ವೃತ್ತಿಬಾಂಧವರಿಗೂ ಒಂದು ಮಾತು. ಪಿಟಿಒ ಕೂರಿಸುವ ದಿನ ಷೆಡ್ಡಿನಲ್ಲೇ ಇರಿ, ತುಂಬುವ ಆಯಿಲಿನ ಡಬ್ಬಿಯನ್ನು ಓದಿ ನೋಡಿ. ಹಿಂದಿನ ಆಕ್ಸಲ್ಲಿನ ಹೌಸಿಂಗ್‌ಗೆ ಹಾಕುವ ಆಯಿಲನ್ನು ಗೇರ್‌ಬಾಕ್ಸಿಗೆ ಸುರಿಯಲು ಬಿಡಬೇಡಿ, ಅದರಲ್ಲಿರುವ ರಾಸಾಯನಿಕ ಹಿತ್ತಾಳೆಯ ರಿಂಗುಗಳನ್ನು ತಿನ್ನಬಹುದು. ವಿಂಚ್ ಓಡಿಸಿದ ಗಂಟೆಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಗೇರ್ ಒದೆಯಲು ಶುರುವಾದ ದಿನವೇ ಆಯಿಲ್ ಲೆವೆಲ್ ನೋಡಿಸಿ. ಸಡಿಲಾಗುತ್ತದೆ ಎಂದು ಯಾರು ಹೇಳಿದರೂ ಮೂರು ತಿಂಗಳು ಕಾಯಬೇಡಿ. ನನ್ನ ಬಳಿ ಇರುವ ಜಾಬ್ ಕಾರ್ಡುಗಳು, ಫೋಟೊಗಳು ಮತ್ತು ನಾನು ಬರೆದ ಪತ್ರದ ನಕಲನ್ನು ಕೇಳಿದವರಿಗೆ ತೋರಿಸಲು ಸಿದ್ಧನಿದ್ದೇನೆ. ಸಾರಿಗೆ ಇಲಾಖೆಯ ಅಧಿಕಾರಿಗಳು ಕರೆದರೆ ಲಾರಿಯನ್ನೇ ಕಚೇರಿಯ ಮುಂದೆ ತಂದು ನಿಲ್ಲಿಸಿ, ಲೆವೆಲ್ ಬೋಲ್ಟ್ ಎಲ್ಲಿದೆ ಎಂದು ತೋರಿಸುತ್ತೇನೆ.

ಇಂತು ತಮ್ಮ ವಿಶ್ವಾಸಿ,
ಒಬ್ಬ ಟೋಯಿಂಗ್ ಲಾರಿ ಮಾಲೀಕ ಹಾಗೂ ಚಾಲಕ,
ಸಕಲೇಶಪುರ